ಅಮ್ಮನ ಭರಣಿಗೋಸ್ಕರ ಪಾಟರಿ ಸ್ಟುಡಿಯೋಗೆ ಹೋಗಿ ಎರಡು ತಿಂಗಳು ಕಾದ ಕಥೆ

ನಿನ್ನೆ ಸಂಜೆ ಕೊನೇ ಸಾಮಾನು ಮನೆಗೆ ಬಂತು. ಜೂನ್ ಕೊನೇಲಿ ಶುರು ಮಾಡಿದ ಕೆಲ್ಸ, ಮುಗಿಯೋ ಹೊತ್ತಿಗೆ ಸೆಪ್ಟೆಂಬರ್ ಮೊದಲಲ್ಲಿ ಬರೋ ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಾನೂ ಕಳೆದುಹೋಯ್ತು. ನಾನೇ ಬಣ್ಣ ಹಚ್ಚಿ ಸುಡಿಸ್ಕೊಂಡು ಬರೋದು ಅಂದ್ರೆ ಒಂದು ಭಾನುವಾರದ ಕೆಲ್ಸ ಅಂದ್ಕೊಂಡಿದ್ದೆ, ಯಾರೂ ಮುಂಚೆ ಹೇಳಿರ್ಲಿಲ್ಲ. ಅದಕ್ಕೇ ನೆನಪು ಹಸಿ ಇರುವಾಗ್ಲೇ ಬರ್ದಿಡ್ತಿದೀನಿ, ಮಳೆಗಾಲದಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋಣ ಅಂತ ಯೋಚ್ನೆ ಮಾಡ್ತಿರೋರು ಪೂರ್ತಿ ಓದಿ.

ನಾವಿರೋದು ಕೊಡಗಿನ ಸುಂಟಿಕೊಪ್ಪದಲ್ಲಿ. ಅಪ್ಪ ಅಮ್ಮ ಈಗ ಕುಶಾಲನಗರದಲ್ಲಿ ಬಾಡಿಗೆ ಮನೇಲಿದ್ದಾರೆ, ಮೊದ್ಲು ಮಕ್ಕಂದೂರು ಕಡೆ ಇದ್ರು. 2018ರ ಆಗಸ್ಟಲ್ಲಿ ಗುಡ್ಡ ಜಾರಿದಾಗ ಉಟ್ಟ ಬಟ್ಟೇಲಿ ಹೊರಟು ಬಂದೋರು. ಮನೆ ಗೋಡೆ ನಿಂತಿತ್ತು, ಆದ್ರೆ ಅಡುಗೆಮನೆ ಕಡೆಯಿಂದ ಕೆಸರು ನುಗ್ಗಿ ಒಳಗಿದ್ದದ್ದೆಲ್ಲ ಹೋಯ್ತು. ಅಮ್ಮ ಚಿನ್ನದ ಬಗ್ಗೆ, ಟಿವಿ ಬಗ್ಗೆ ಒಂದಿನಾನೂ ಮಾತಾಡಿಲ್ಲ. ಮಾತಾಡೋದು ಒಂದೇ ಒಂದು ಭರಣಿ ಬಗ್ಗೆ. ಮೇಲೆ ಕಂದು, ಕೆಳಗೆ ಹಳದಿ ಮಿಶ್ರಿತ ಬಿಳಿ ಬಣ್ಣದ್ದು, ಎಲ್ಲರ ಮನೇಲೂ ಉಪ್ಪಿನಕಾಯಿಗೆ ಇರ್ತಿತ್ತಲ್ಲ ಅದೇ. ನಮ್ಮನೇಲಿ ಅದ್ರಲ್ಲಿ ಕಾಚಂಪುಳಿ, ಅಂದ್ರೆ ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ ರಸ, ಇಡ್ತಿದ್ರು. ಮೀನು ಸಾರು ಮಾಡೋ ದಿನ ಮುಚ್ಚಳ ತೆಗೆದ್ರೆ ಸಾಕು, ಆ ಹುಳಿ ವಾಸನೆ ಹಜಾರದ ತನಕ ಬರ್ತಿತ್ತು. ಈಗ ಕಾಚಂಪುಳಿ ಗಾಜಿನ ಬಾಟಲೀಲಿದೆ. ಪ್ರತಿ ಸಲ ಅದನ್ನ ತೆಗೆಯುವಾಗ ಅಮ್ಮ "ಭರಣಿ ಇದ್ದಿದ್ರೆ" ಅಂತಾರೆ, ಅಷ್ಟೇ, ಮುಂದಕ್ಕೆ ಏನೂ ಹೇಳಲ್ಲ.

ಆಗಸ್ಟ್ 24ಕ್ಕೆ ಅಮ್ಮನಿಗೆ ಅರವತ್ತು ತುಂಬ್ತಿತ್ತು. ಮಡಿಕೇರಿ ಹತ್ರ ಒಂದು ಹಳೇ ಕಾಫಿ ಗೋಡೌನನ್ನ ಪಾಟರಿ ಸ್ಟುಡಿಯೋ ಮಾಡಿದ್ದಾರೆ, ಮಣ್ಣಿನ ಸಾಮಾನು ಅವ್ರೇ ಮಾಡಿಟ್ಟಿರ್ತಾರೆ, ನಾವು ಹೋಗಿ ಬಣ್ಣ ಹಚ್ಚಿ ಕೊಟ್ರೆ ಗ್ಲೇಜ್ (ಸುಟ್ಟಾಗ ಗಾಜಾಗೋ ಲೇಪ) ಹಾಕಿ ಸುಟ್ಟು ಕೊಡ್ತಾರೆ ಅಂತ ನನ್ನ ನಾದಿನಿ ಹೇಳಿದ್ಲು. ಅಲ್ಲಿ ಮುಚ್ಚಳ ಇರೋ ಜಾಡೀನೂ ಸಿಗುತ್ತೆ ಅಂದಾಗ ನನ್ನ ತಲೇಲಿ ಬೇರೆ ಏನೂ ಬರ್ಲಿಲ್ಲ. ಭರಣಿ ನಾನೇ ಮಾಡ್ಕೊಡ್ತೀನಿ ಅಂತ ಅವತ್ತೇ ತೀರ್ಮಾನ ಮಾಡ್ಬಿಟ್ಟೆ.

ಫೋನ್ ಮಾಡಿದ್ರೆ ಸ್ಲಾಟ್ ಬುಕ್ ಮಾಡ್ಬೇಕು ಅಂದ್ರು, ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ, ಇಲ್ಲ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಒಂದು ಸಾವಿರ ಅಡ್ವಾನ್ಸ್ ಫೋನ್‌ಪೇ ಮಾಡ್ಬೇಕು, ಅದು ಆಮೇಲೆ ಬಿಲ್‌ನಲ್ಲಿ ಕಳೀತಾರೆ. ಪ್ರವೇಶ ಶುಲ್ಕ ಅಂತ ಬೇರೆ ಇಲ್ಲ, ನಾವು ಆರಿಸ್ಕೊಂಡ ಸಾಮಾನಿನ ರೇಟಲ್ಲೇ ಬಣ್ಣ, ಬ್ರಷ್, ಗ್ಲೇಜ್, ಸುಡೋದು ಎಲ್ಲ ಸೇರಿರುತ್ತೆ. ಎಷ್ಟು ದಿನಕ್ಕೆ ಸಿಗುತ್ತೆ ಅಂದ್ರೆ "ಎರಡರಿಂದ ಮೂರು ವಾರ" ಅಂದ್ರು. ನಾನು ಲೆಕ್ಕ ಹಾಕಿದೆ, ಜುಲೈ ಮೊದಲ ವಾರ ಹೋದ್ರೆ ಜುಲೈ ಕೊನೇಗೆ ಕೈಗೆ ಬರುತ್ತೆ, ಆಗಸ್ಟ್ 24ಕ್ಕೆ ಬೇಕಾದಷ್ಟು ಟೈಮಿದೆ. ನನ್ನ ಲೆಕ್ಕ ತಪ್ಪಿದ್ದು ಇಲ್ಲೇ. ಆ ಎರಡು ಮೂರು ವಾರ ಬೇಸಿಗೆ ಲೆಕ್ಕ. ನೀವು ಜೂನಿಂದ ಸೆಪ್ಟೆಂಬರ್ ಒಳಗೆ ಹೋಗೋದಾದ್ರೆ ಅವ್ರು ಹೇಳಿದ್ದರ ಎರಡು ಪಟ್ಟು ಇಟ್ಕೊಳ್ಳಿ, ಯಾವುದಾದ್ರೂ ತಾರೀಕಿಗೆ ಬೇಕೇ ಬೇಕು ಅಂದ್ರೆ ಮೂರು ಪಟ್ಟು ಇಟ್ಕೊಳ್ಳಿ.

ಮೊದಲ ಸ್ಲಾಟಿಗೆ ಹೋಗೋಕೇ ಆಗ್ಲಿಲ್ಲ. ಹಿಂದಿನ ರಾತ್ರಿ ಇಡೀ ಗಾಳಿ ಮಳೆ, ಬೆಳಿಗ್ಗೆ ದಾರೀಲಿ ಮರ ಬಿದ್ದು ಒಂದೂವರೆ ಗಂಟೆ ಗಾಡಿಗಳೆಲ್ಲ ನಿಂತಲ್ಲೇ ನಿಂತಿದ್ವು. ಇವ್ರು ಗಾಡಿ ತಿರುಗಿಸಿದ್ರು. ಹಿಂದಿನ ಸೀಟಲ್ಲಿ ಮಗಳು ಅಳೋಕೆ ಶುರು ಮಾಡಿದ್ಲು, ಅವಳಿಗೆ ಅವತ್ತು ಮಳೆ ರಜೆ, ಅಜ್ಜಿಗೆ ತಟ್ಟೆ ಮಾಡ್ತೀನಿ ಅಂತ ಮೂರು ದಿನದಿಂದ ನೋಟ್‌ಬುಕ್ ಹಿಂದಿನ ಹಾಳೇಲೆಲ್ಲ ನವಿಲು ಬರೀತಾ ಇದ್ಲು. ಸ್ಟುಡಿಯೋದವ್ರು ಒಳ್ಳೆಯವ್ರು, ಅಡ್ವಾನ್ಸ್ ಹೋಗಲ್ಲ, ಇನ್ನೊಂದು ದಿನ ಬನ್ನಿ ಅಂದ್ರು. ಶುಕ್ರವಾರ ಬರ್ತೀರಾ ಅಂತ ಕೇಳಿದ್ರು, ನಾನೇ ಬೇಡ ಅಂದೆ, ಮಡಿಕೇರೀಲಿ ಶುಕ್ರವಾರ ಸಂತೆ, ಗಾಡಿ ನಿಲ್ಸೋಕೆ ಜಾಗ ಸಿಗಲ್ಲ. ಕೊನೆಗೆ ಜುಲೈ ಎರಡನೇ ಶನಿವಾರಕ್ಕೆ ಸಿಕ್ತು.

ಅವತ್ತು ಮಂಜು ಎಷ್ಟಿತ್ತು ಅಂದ್ರೆ ಗೋಡೌನ್ ಗೇಟ್ ಮುಂದೆಯೇ ಇದ್ರೂ ಕಾಣ್ತಿರ್ಲಿಲ್ಲ. ಒಳಗೆ ಹೋದ್ರೆ ಬೆಚ್ಚಗಿದೆ, ಹಸಿ ಮಣ್ಣಿನ ವಾಸನೆ, ಅದ್ರ ಅಡಿಯಲ್ಲಿ ಇನ್ನೂ ಹಳೇ ಕಾಫಿ ಬೀಜದ ವಾಸನೆ. ಒಂದು ಗೋಡೆ ಪೂರ್ತಿ ಹಲಗೆ, ಅದ್ರ ಮೇಲೆ ಬಿಳೀ ಬಿಳೀ ಸಾಮಾನು. ಮಗ್, ತಟ್ಟೆ, ಬಟ್ಟಲು, ಆನೆ, ಗಣಪತಿ, ಹೂದಾನಿ. ಇದು ಹಸಿ ಮಣ್ಣಲ್ಲ, ಒಂದು ಸಲ ಸುಟ್ಟಿರೋದು, ಬಿಸ್ಕ್ ಅಂತಾರೆ. ಒಂದು ಸಲ ಸುಟ್ಟಿರೋದ್ರಿಂದ ನೀರು ತಾಗಿದ್ರೆ ಕರಗಲ್ಲ, ಆದ್ರೆ ನೀರನ್ನ ಹೀರುತ್ತೆ, ಹೊಸ ಮಡಕೆ ಹಾಗೆ.

ಜಾಡಿ ನೋಡ್ದೆ. ಒಂದು ಲೀಟರ್ ಹಿಡಿಯೋಷ್ಟು, ಮುಚ್ಚಳದ ಮೇಲೆ ಗುಂಡಿ ತರ ಹಿಡಿ, ಹೊಟ್ಟೆ ದಪ್ಪ. ಅಮ್ಮನ ಭರಣೀದೇ ಆಕಾರ. ಎತ್ಕೊಂಡು ಎದೆಗೆ ಒತ್ತಿ ಹಿಡ್ಕೊಂಡು ಅಲ್ಲಿದ್ದ ಅಕ್ಕನಿಗೆ "ಇದ್ರಲ್ಲಿ ಕಾಚಂಪುಳಿ ಇಡಬೋದಲ್ವಾ?" ಅಂದೆ. ಬರೀ ಮಾತಿಗೆ ಕೇಳಿದ್ದು. ಅವ್ರು ತಕ್ಷಣ "ಬೇಡ" ಅಂದ್ರು.

ನನಗೆ ಮುಖಕ್ಕೆ ನೀರು ಎರಚಿದ ಹಾಗಾಯ್ತು. ಆಮೇಲೆ ಅವ್ರು ಕೂತು ಹೇಳಿದ್ದು ಇದು, ನೀವೂ ತಿಳ್ಕೊಳ್ಳಿ. ನಮ್ಮ ಹಳೇ ಉಪ್ಪಿನಕಾಯಿ ಭರಣಿ ಸ್ಟೋನ್‌ವೇರ್. ಅದನ್ನ 1200 ಡಿಗ್ರಿ ಆಸುಪಾಸಲ್ಲಿ ಸುಟ್ಟಿರ್ತಾರೆ, ಆ ಬಿಸೀಲಿ ಮಣ್ಣೇ ಒಳಗೊಳಗೆ ಬೆಸೆದು ಕಲ್ಲಾಗುತ್ತೆ, ಗ್ಲೇಜ್ ಇಲ್ಲದಿದ್ರೂ ನೀರು ಇಳಿಯಲ್ಲ. ಇಂಥ ಬಣ್ಣ ಹಚ್ಚೋ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಇಡೋದು ಅರ್ದನ್‌ವೇರ್, ಗ್ಲೇಜ್ ಹಾಕಿ ಸುಡೋದು ಸುಮಾರು 1000 ಡಿಗ್ರಿಗೆ. ಅದಕ್ಕಿಂತ ತುಂಬಾ ಮೇಲೆ ಹೋದ್ರೆ ಬಣ್ಣಗಳು ಕೆಲವು ಹಾರಿಹೋಗ್ತವೆ. ಆ ಬಿಸಿಗೆ ಮೇಲಿನ ಗ್ಲೇಜ್ ಗಾಜಾಗುತ್ತೆ, ಆದ್ರೆ ಒಳಗಿನ ಮಣ್ಣು ಕೊನೇವರೆಗೂ ಹೀರೋ ಮಣ್ಣೇ. ಮೇಲಿನ ಗಾಜಲ್ಲಿ ಕೂದಲೆಳೆ ಬಿರುಕು ಬಂದ್ರೆ ಸಾಕು ಹುಳಿ ಒಳಗೆ ಇಳಿಯುತ್ತೆ. ಕಾಚಂಪುಳಿ ಅಂತೂ ವರ್ಷಗಟ್ಲೆ ಇಡೋ ಹುಳಿ. ಗ್ಲೇಜಲ್ಲಿ ಸೀಸ ಇಲ್ಲ, ಊಟ ಮಾಡೋಕೆ, ಕಾಫಿ ಕುಡಿಯೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಹುಳೀನ ತುಂಬಿಸಿ ಇಡೋಕಲ್ಲ ಅಂದ್ರು. ಬಿಸ್ಕ್ ಮಗ್ ಒಂದಕ್ಕೆ ಬೆರಳಲ್ಲಿ ತಟ್ಟಿ ತೋರಿಸಿದ್ರು, ಟಕ್ ಅಂತ ಮುಗಿದುಹೋಗೋ ಸದ್ದು. ಪಕ್ಕದಲ್ಲಿ ಅವ್ರದ್ದೇ ಒಂದು ಸ್ಟೋನ್‌ವೇರ್ ಬಟ್ಟಲು ಇತ್ತು, ಅದು ಟಣ್ ಅಂತ ಸ್ವಲ್ಪ ಹೊತ್ತು ಎಳೀತು. ಅಮ್ಮನ ಭರಣಿ ಮೇಲೆ ಸೌಟು ತಾಗಿದಾಗ ಬರ್ತಿದ್ದದ್ದು ಆ ಎರಡನೇ ಸದ್ದೇ.

ಎರಡು ನಿಮಿಷ ನಾನು ಏನೂ ಮಾತಾಡದೆ ನಿಂತಿದ್ದೆ. ವಾಪಸ್ ಹೋಗ್ಬಿಡೋಣ ಅನ್ನಿಸ್ತು. ಆದ್ರೆ ಮಗಳು ಆಗ್ಲೇ ತಟ್ಟೆ ಎತ್ಕೊಂಡು ಟೇಬಲ್ ಹತ್ರ ಕೂತಾಗಿತ್ತು. ಸರಿ, ಜಾಡಿ ತಗೊಳ್ಳೋಣ, ಅಮ್ಮ ಅದ್ರಲ್ಲಿ ಕಾಫಿಪುಡಿ ಹಾಕ್ಕೊಳ್ಳಲಿ ಅಂತ ಮನಸ್ಸು ಮಾಡ್ದೆ. ಜಾಡಿ 1100, ಎರಡು ಮಗ್ ತಲಾ 550, ತಟ್ಟೆ 600, ಒಟ್ಟು 2800. ನಿಮಗೆ ನನ್ನ ಮೊದಲ ಮಾತು ಇದೇ, ಬಣ್ಣದ ಬಗ್ಗೆ ಆಮೇಲೆ ಕೇಳಿ, ಮೊದ್ಲು ಮಣ್ಣು ಯಾವುದು, ಎಷ್ಟು ಬಿಸಿಗೆ ಸುಡ್ತೀರಾ, ಏನು ಹಾಕಿಡಬೋದು ಅಂತ ಕೇಳಿ, ಫೋನಲ್ಲೇ ಕೇಳಿ.

ಇನ್ನು ಬಣ್ಣ ಹಚ್ಚೋದು. ಮೊದ್ಲು ಒದ್ದೆ ಸ್ಪಂಜಲ್ಲಿ ಸಾಮಾನಿನ ಧೂಳು ಒರೆಸ್ಬೇಕು, ಧೂಳಿದ್ರೆ ಬಣ್ಣ ಹಿಡಿಯಲ್ಲ. ಪೆನ್ಸಿಲಲ್ಲಿ ಎಷ್ಟು ಬೇಕಾದ್ರೂ ಗೀಚಬೋದು, ಸುಡುವಾಗ ಪೆನ್ಸಿಲ್ ಗೀಟು ಉರಿದುಹೋಗುತ್ತೆ, ಅಳಿಸೋಕೆ ಹೋಗಿ ಟೈಮ್ ಹಾಳು ಮಾಡ್ಕೋಬೇಡಿ. ಬಣ್ಣಗಳನ್ನ ಅಂಡರ್‌ಗ್ಲೇಜ್ ಅಂತಾರೆ, ಗಟ್ಟಿ ಮಜ್ಜಿಗೆ ಹದದಲ್ಲಿ ಇರುತ್ತೆ. ಬಾಟಲೀಲಿ ಕಾಣೋ ಬಣ್ಣ ನಂಬಬೇಡಿ, ಗೋಡೆ ಮೇಲೆ ಸುಟ್ಟು ನೇತುಹಾಕಿರೋ ಚಿಕ್ಕ ಚಿಕ್ಕ ಬಿಲ್ಲೆ ಇರುತ್ತೆ, ಅದನ್ನೇ ನೋಡಿ ಆರಿಸಿ. ನಾನು ಆರಿಸಿದ ಕಡು ನೇರಳೆ ಬಾಟಲೀಲಿ ಬೂದಿ ಕಲಸಿದ ಗುಲಾಬಿ ತರ ಇತ್ತು, ಬಿಲ್ಲೇಲಿ ನೋಡಿದ್ರೆ ನಾವು ಆಟಿ ತಿಂಗಳಲ್ಲಿ ಮಾಡೋ ಆಟಿ ಸೊಪ್ಪಿನ ಪಾಯಸದ ಕಡು ನೇರಳೆ ಬಣ್ಣ!

ಜಾಡಿ ಸುತ್ತ ಕಾಫಿ ಗಿಡದ ಕೊಂಬೆ ಬರೀಬೇಕು ಅಂತ ನನ್ನಾಸೆ, ಮಕ್ಕಂದೂರಿನ ಅಂಗಳದಿಂದ ಕಾಣ್ತಿದ್ದ ಹಾಗೆ. ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತಲ್ಲ, ಅದು. ಆದ್ರೆ ಬಿಳೀ ಜಾಡಿ ಮೇಲೆ ಬಿಳೀ ಹೂ ಹೇಗೆ ಬರೆಯೋದು? ಅಕ್ಕ ಒಂದು ಉಪಾಯ ಹೇಳ್ಕೊಟ್ರು. ಹೂವನ್ನ ಬರೀಬೇಡಿ, ಹೂ ಇರೋ ಜಾಗ ಖಾಲಿ ಬಿಡಿ, ಸುತ್ತ ಎಲೆಯ ಹಸಿರನ್ನ ತುಂಬಿ. ಹಾಗೇ ಮಾಡ್ದೆ. ಐದೈದು ಎಸಳು, ಎಲೆ ಬುಡದಲ್ಲಿ ಗೊಂಚಲು ಗೊಂಚಲು, ಪೆನ್ಸಿಲಲ್ಲಿ ಬರ್ಕೊಂಡು ಅದ್ರ ಅಂಚಿಗೆ ಸಣ್ಣ ಬ್ರಷಲ್ಲಿ ಹಸಿರು ತಂದೆ.

ಈ ಕೆಲ್ಸ ಕಾಗದದ ಮೇಲೆ ಬರೆದ ಹಾಗಲ್ಲ. ಬ್ರಷ್ ತಾಗಿದ ಕೂಡ್ಲೆ ಬಿಸ್ಕ್ ನೀರೆಲ್ಲ ಎಳ್ಕೊಂಡು ಬಣ್ಣ ನಿಂತಲ್ಲೇ ಗಟ್ಟಿಯಾಗುತ್ತೆ, ಎಳೆಯೋಕೆ ಹೋದ್ರೆ ಬ್ರಷ್ ಕಚ್ಕೊಂಡು ನಿಲ್ಲುತ್ತೆ. ಉಜ್ಜಬಾರ್ದು, ತುಂಬಾ ಬಣ್ಣ ತಗೊಂಡು ಹಾಗೇ ಇಳಿಸ್ತಾ ಹೋಗ್ಬೇಕು. ಒಂದು ಕೋಟ್ ಸಾಲಲ್ಲ, ಮೂರು ಕೋಟ್ ಬೇಕು, ಒಂದೇ ಕೋಟ್ ಹಾಕಿದ್ರೆ ಸುಟ್ಟ ಮೇಲೆ ಬ್ರಷ್ ಗೀರುಗಳೆಲ್ಲ ಕಾಣುತ್ತೆ. ಒಂದು ಒಣಗಿದ ಮೇಲೆ ಇನ್ನೊಂದು. ಬೇಸಿಗೇಲಿ ಎರಡು ಮೂರು ನಿಮಿಷಕ್ಕೆ ಒಣಗುತ್ತಂತೆ. ನಮ್ಮ ಜುಲೈ ಹವೆಗೆ ಹೊದ್ದ ಶಾಲೂ ಒಣಗಲ್ಲ, ಪ್ರತಿ ಕೋಟಿಗೆ ಹತ್ತು ಹನ್ನೆರಡು ನಿಮಿಷ ಕಾದ್ವಿ. ಹೇರ್ ಡ್ರೈಯರ್ ಒಂದಿತ್ತು, ಅದಕ್ಕೆ ನಾಲ್ಕು ಟೇಬಲಿನವ್ರು ಕಾಯ್ತಿದ್ರು. ಮನೇಲಿ ಹೇರ್ ಡ್ರೈಯರ್ ಇದ್ರೆ ತಗೊಂಡು ಹೋಗಿ, ಇದನ್ನ ನಾನು ಯಾರಿಗಾದ್ರೂ ಹೇಳ್ಲೇಬೇಕು ಅಂದ್ಕೊಂಡಿದ್ದೆ.

ತಪ್ಪಾದ್ರೆ ಒದ್ದೆ ಹತ್ತಿ ಕಡ್ಡೀಲಿ ಒರೆಸಬೋದು ಅಂತಾರೆ, ತಿಳಿ ಬಣ್ಣ ಹೋಗುತ್ತೆ, ಕಡು ಬಣ್ಣ ಕಲೆ ಬಿಟ್ಟೇ ಬಿಡುತ್ತೆ. ಮುಚ್ಚಳ ಇರೋ ಸಾಮಾನಾದ್ರೆ ಇನ್ನೊಂದು ವಿಷ್ಯ. ಮುಚ್ಚಳ ಕೂರೋ ಅಂಚಿಗೆ ಗ್ಲೇಜ್ ಹಾಕಲ್ಲ, ಹಾಕಿದ್ರೆ ಮುಚ್ಚಳ ಇಟ್ಟು ಸುಟ್ಟಾಗ ಎರಡೂ ಒಂದೇ ಆಗಿ ಅಂಟ್ಕೊಳ್ಳುತ್ತೆ. ನಾನು ಗೊತ್ತಿಲ್ದೆ ಆ ಅಂಚಿಗೂ ನೇರಳೆ ಬಳಿದಿದ್ದೆ, ಅಕ್ಕ ಅದನ್ನ ಒರೆಸಿ ತೆಗೆಯೋಕೆ ಹದಿನೈದು ನಿಮಿಷ ಹೋಯ್ತು.

ಒಂದು ಗಂಟೆಗೆ ಮುಗೀಲಿಲ್ಲ. ಮಧ್ಯಾಹ್ನದ ಬ್ಯಾಚಿನವ್ರು ತಡ ಅಂತ ಗೊತ್ತಾಗಿ ಇನ್ನರ್ಧ ಗಂಟೆ ಕೊಟ್ರು. ನಾನು ಜಾಡಿ ಮುಗ್ಸಿದೆ, ಇವ್ರು ಎರಡು ಮಗ್ಗಿಗೂ ಕೆಂಪು ಕಾಫಿ ಹಣ್ಣು ಬರ್ದ್ರು, ಮಗಳ ತಟ್ಟೇಲಿ ನವಿಲು. ಅವಳು ಮಧ್ಯದಲ್ಲಿ ಹಸಿವು ಅಂತ ಬಾಳೆಕಾಯಿ ಚಿಪ್ಸ್ ತಿಂದ್ಲು, ಕೈ ತೊಳ್ಕೊ ಅಂದೆ, ತೊಳೆದೆ ಅಂದ್ಲು. ಈ ಚಿಪ್ಸ್ ವಿಷ್ಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಹೊರಡೋ ಮುಂಚೆ ಒಂದು ಪುಟದ ಫಾರ್ಮ್ ತುಂಬಿಸ್ಕೊಂಡ್ರು. ಹೆಸ್ರು, ಫೋನ್ ನಂಬರ್, ಯಾವ ಯಾವ ಸಾಮಾನು, ಸುಡುವಾಗ ಬಿರುಕು ಬಿಟ್ರೆ ಬಿಸ್ಕ್ ಬದ್ಲಿ ಕೊಡ್ತೀವಿ ಆದ್ರೆ ಬಣ್ಣದ ಕೆಲ್ಸಕ್ಕೆ ಹೊಣೆಯಿಲ್ಲ ಅಂತ ಒಂದು ಸಾಲು, ಅದ್ರ ಕೆಳಗೆ ಸಹಿ. ಸಹಿ ಹಾಕುವಾಗ ಆ ಸಾಲಿನ ಬಗ್ಗೆ ನಾನು ಯೋಚ್ನೆ ಮಾಡಿರ್ಲಿಲ್ಲ. ಪ್ರತಿ ಸಾಮಾನಿನ ತಳಕ್ಕೆ ಕಪ್ಪು ಬಣ್ಣದಲ್ಲಿ ನಂಬರ್ ಬರೆದು ಅದೇ ನಂಬರಿನ ಚೀಟಿ ನಮಗೆ ಕೊಟ್ರು. ಆ ಚೀಟೀನ ಅಲ್ಲೇ ಫೋಟೋ ತೆಗೀರಿ. ಸಾಮಾನಿನದ್ದೂ ನಾಲ್ಕು ಕಡೆಯಿಂದ, ತಳದ್ದೂ ಸೇರ್ಸಿ ಫೋಟೋ ತೆಗೀರಿ. ನಾನು ಸಾಮಾನಿನ ಫೋಟೋ ತೆಗೆದೆ, ಚೀಟೀದು ತೆಗೀಲಿಲ್ಲ. ಗಾಡಿ ತನಕ ಹೋಗೋವಷ್ಟರಲ್ಲಿ ಚೀಟಿ ಒದ್ದೆಯಾಗಿ ಜೆಲ್ ಪೆನ್ನಿನ ಶಾಯಿ ಹರಡಿ ನೀಲಿ ಮಚ್ಚೆ ಉಳೀತು.

ಅವತ್ತು ನೋಡಿದ ಇನ್ನೊಂದು ದೃಶ್ಯ ಹೇಳ್ಬೇಕು. ಬೇರೆ ಯಾರದ್ದೋ ಒಣಗಿದ್ದ ಮಗ್ಗನ್ನ ಅಕ್ಕ ಚಿಮಟದಲ್ಲಿ ಹಿಡಿದು ಗ್ಲೇಜ್ ಬಕೆಟ್ಟಲ್ಲಿ ಮುಳುಗಿಸಿ, ಮೂರು ಎಣಿಸಿ ಎತ್ತಿದ್ರು. ಎತ್ತಿದ್ರೆ ಚಿತ್ರವೇ ಇಲ್ಲ! ಸುಣ್ಣ ಬಳಿದ ಹಾಗೆ ಎಲ್ಲ ಮುಚ್ಚಿಹೋಗಿದೆ. ಮಗಳು ನನ್ನ ಸೆರಗು ಹಿಡ್ಕೊಂಡ್ಲು. ಅಕ್ಕ ಅವಳನ್ನ ಹತ್ರ ಕರೆದು, ಪುಟ್ಟಿ, ಇದು ಗಾಜಿನ ಪುಡಿ, ಬೆಂಕೀಲಿ ಕರಗಿ ತಿಳಿ ಆಗುತ್ತೆ, ಆಗ ನಿನ್ನ ನವಿಲು ವಾಪಸ್ ಬರುತ್ತೆ ಅಂತ ಸಮಾಧಾನ ಮಾಡಿದ್ರು. ನಮ್ಮದನ್ನ ಅವತ್ತು ಮುಳುಗಿಸಲಿಲ್ಲ, ಪೂರ್ತಿ ಒಣಗೋಕೆ ಐದಾರು ದಿನ ಬೇಕು ಅಂದ್ರು. ಒಳಗೆ ಪಸೆ ಉಳಿದು ಕಿಲ್ನಿಗೆ, ಅಂದ್ರೆ ಸುಡೋ ಕರೆಂಟ್ ಒಲೆಗೆ, ಇಟ್ರೆ 100 ಡಿಗ್ರಿ ದಾಟುವಾಗ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ, ಗ್ಲೇಜ್ ಎದ್ದು ಹೋಗ್ಬೋದು, ಸಾಮಾನು ಸೀಳ್ಬೋದು.

ಆಮೇಲೆ ಕಾಯೋದು. ಮೊದಲ ವಾರ ಏನೂ ಅನ್ನಿಸ್ಲಿಲ್ಲ. ಮೂರನೇ ವಾರ ಫೋನ್ ಮಾಡ್ದೆ, ಇನ್ನೂ ಕಿಲ್ನ್ ತುಂಬಿಲ್ಲ ಅಂದ್ರು. ಗ್ಲೇಜ್ ಹಾಕಿದ ಸಾಮಾನು ಒಂದಕ್ಕೊಂದು ತಾಗಬಾರ್ದು, ತಾಗಿದ್ರೆ ಅಂಟ್ಕೊಳ್ಳುತ್ತೆ, ಹಾಗಾಗಿ ಒಂದು ಸಲಕ್ಕೆ ಕಮ್ಮಿ ಹಿಡಿಯುತ್ತೆ, ಅರ್ಧ ತುಂಬಿಸಿ ಸುಟ್ರೆ ಕರೆಂಟ್ ಖರ್ಚು ಗಿಟ್ಟಲ್ಲ. ಮಳೆಗೆ ಜನ ಬರ್ತಿಲ್ಲ, ಕಿಲ್ನ್ ತುಂಬ್ತಿಲ್ಲ. ನಮ್ಮೂರಲ್ಲಿ ಹಳೇ ಕುಂಬಾರರ ಆವಿಗೇನೂ ಹೀಗೇ, ತುಂಬಿದ್ರೇ ಬೆಂಕಿ ಹಾಕ್ತಿದ್ದದ್ದು, ಆದ್ರೆ ಅವ್ರು ಮಳೆಗಾಲದಲ್ಲಿ ಈ ಕೆಲ್ಸಕ್ಕೇ ಕೈ ಹಾಕ್ತಿರ್ಲಿಲ್ಲ ಅಂತ ಅಪ್ಪ ಆಮೇಲೆ ಹೇಳಿದ್ರು.

ಆಗಸ್ಟ್ 3, ಆಟಿ ಸೊಪ್ಪಿನ ದಿನ. ಒಲೆ ಮೇಲೆ ಪಾಯಸ ಕುದೀತಿತ್ತು, ಫೋನ್ ಬಂತು. ಸಿಹಿ ಸುದ್ದಿ ಅಂತ ಓಡಿ ಎತ್ತಿದೆ. ಹಿಂದಿನ ದಿನ ಸುಡೋಕೆ ಹಾಕಿದ್ರಂತೆ, 800 ದಾಟಿದ ಮೇಲೆ ಕರೆಂಟ್ ಹೋಗಿ ಏಳು ಗಂಟೆ ಬರ್ಲಿಲ್ವಂತೆ, ಅಷ್ಟು ದೊಡ್ಡ ಕಿಲ್ನನ್ನ ಅವ್ರ ಜನರೇಟರ್ ಎಳೆಯಲ್ಲ. ಮತ್ತೆ ಮೊದ್ಲಿಂದ ಹಚ್ಚಿದ್ದೀವಿ, ಬಾಗಿಲು ತೆಗೆದ ಮೇಲೆ ಹೇಳ್ತೀವಿ ಅಂದ್ರು. ಇವತ್ತೇ ತೆಗೆದು ನೋಡಿ ಅಂದೆ. ಆಗಲ್ಲ, ಕಿಲ್ನ್ ತಾನಾಗೇ ಆರಬೇಕು, ಅದಕ್ಕೆ ಇಡೀ ದಿನಾನೇ ಬೇಕು, ಬಿಸಿ ಇರುವಾಗ ಬಾಗಿಲು ತೆಗೆದ್ರೆ ತಣ್ಣನೆ ಗಾಳಿ ಹೊಡೆದು ಸಾಮಾನೆಲ್ಲ ಬಿರುಕು ಬಿಡುತ್ತೆ ಅಂದ್ರು. ಫೋನ್ ಇಟ್ಟು ನೋಡಿದ್ರೆ ಪಾಯಸ ತಳ ಹಿಡಿದಿತ್ತು.

ಆಗಸ್ಟ್ 9ಕ್ಕೆ ಹೋದ್ವಿ. ಚೀಟಿ ಇಲ್ದೆ ಹುಡುಕೋದು ಕಷ್ಟವಾಯ್ತು, ಕೊನೆಗೆ ಫೋಟೋ ತೋರಿಸಿ ಗುರುತು ಹಿಡಿದ್ವಿ. ಎರಡು ಮಗ್ ನೋಡಿ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಆ ಮಾಸಲು ಬಣ್ಣ ಎಲ್ಲೂ ಇಲ್ಲ, ಹಣ್ಣು ಗಿಡದಲ್ಲೇ ಇರೋ ಹಾಗೆ ಕೆಂಪಗೆ ಹೊಳೀತಿದೆ, ಬೆರಳಾಡಿಸಿದ್ರೆ ನುಣ್ಣಗೆ ಜಾರುತ್ತೆ. ಆದ್ರೆ ಜಾಡಿ ಬೇರೆ ತರ ಇತ್ತು. ಮಂಜು ಕೂತ ಕಿಟಕಿ ಗಾಜಿನ ಹಿಂದೆ ಕಾಫಿ ಗಿಡ ಇದ್ದ ಹಾಗೆ, ಹಾಲು ಹಾಲು, ಮುಟ್ಟಿದ್ರೆ ತರಿ ತರಿ. ತಟ್ಟೇಲಿ ನವಿಲಿನ ಕತ್ತಿನ ಪಕ್ಕ ಹೆಬ್ಬೆರಳಷ್ಟು ಜಾಗದಲ್ಲಿ ಗ್ಲೇಜ್ ಹಿಂದಕ್ಕೆ ಸರಿದು ಬರೀ ಮಣ್ಣು ಕಾಣ್ತಿತ್ತು.

ಅಕ್ಕ ಕಿಲ್ನ್ ಹತ್ರ ಕರ್ಕೊಂಡು ಹೋಗಿ ಎರಡು ಚಿಕ್ಕ ಕೋನ್ ಕೈಗೆ ಕೊಟ್ರು. ಕಡ್ಲೆಕಾಯಿ ಉದ್ದದ ಮೂರು ಮೂಲೆಯ ಗೋಪುರ ಅಷ್ಟೇ. ಇಂತಿಷ್ಟು ಬಿಸಿ ಕುಡಿದ ಮೇಲೆ ಬಾಗೋ ಹಾಗೆ ಅದ್ರ ಮಣ್ಣು ಕಲಸಿರ್ತಾರೆ, ಸಾಮಾನಿನ ಜೊತೆ ಒಂದೊಂದು ಅಂಕಣದಲ್ಲಿ ಒಂದೊಂದು ಇಡ್ತಾರೆ. ಮೇಲಿನ ಅಂಕಣದ್ದು ತಲೆ ಬಾಗಿ ಮೂಗು ನೆಲ ಮುಟ್ಟಿತ್ತು, ಕೆಳಗಿನದ್ದು ಸ್ವಲ್ಪ ವಾಲಿ ಹಾಗೇ ನಿಂತಿತ್ತು. ಮೀಟರ್ 1000 ತೋರಿಸಿದ್ರೂ ಕೆಳಗೆ ಬಿಸಿ ಸಾಕಾಗಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ನಮ್ಮ ಜಾಡಿ ಇದ್ದದ್ದು ಕೆಳಗೆ. ಹಾಳಾಗಿಲ್ಲ, ಬೆಂದಿಲ್ಲ ಅಷ್ಟೇ, ಇನ್ನೊಂದು ಸಲ ಸುಟ್ರೆ ತಿಳಿಯಾಗುತ್ತೆ, ದುಡ್ಡು ಬೇಡ ಅಂದ್ರು. ತಟ್ಟೇದು ಎಣ್ಣೆ ಕೈ. ಗ್ಲೇಜ್ ಇರೋದು ನೀರಲ್ಲಿ ಕಲಸಿ, ಎಣ್ಣೆ ಇದ್ದ ಕಡೆ ನಿಲ್ಲಲ್ಲ. ಚಿಪ್ಸ್ ತಿಂದ ಕೈ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಕೈಗೆ ಹಚ್ಕೊಳ್ಳೋ ಕ್ರೀಮ್ ಎಲ್ಲಾನೂ ಹೀಗೇ ಮಾಡುತ್ತೆ. ಆ ಜಾಗಕ್ಕೆ ಗ್ಲೇಜ್ ತುಂಬಿ ಮತ್ತೆ ಸುಡೋಕೆ 150 ತಗೊಂಡ್ರು. ಹಾಗೇ ಬಿಟ್ರೆ ಸಾರು ಹೀರಿ ಕಲೆ ನಿಲ್ಲುತ್ತೆ. ಮಗಳು ಕಾರಲ್ಲಿ ಸುಂಟಿಕೊಪ್ಪ ತನಕ ಮಾತೇ ಆಡ್ಲಿಲ್ಲ. ಅವಳ ತಪ್ಪಲ್ಲ, ಅವಳ ಕೈ ನಾನೇ ಸೋಪ್ ಹಾಕಿ ತೊಳೆಸ್ಬೇಕಿತ್ತು.

24ನೇ ತಾರೀಕಿಗೆ ಎರಡು ಮಗ್ ಮಾತ್ರ ತಗೊಂಡು ಕುಶಾಲನಗರಕ್ಕೆ ಹೋದ್ವಿ. ಅಮ್ಮ ಬೆಲ್ಲದ ಕಾಫಿ ಮಾಡಿ ಅದ್ರಲ್ಲೇ ಅಪ್ಪನಿಗೆ ಕೊಟ್ರು, ತಾವೂ ಕುಡಿದ್ರು. ಜಾಡಿ ವಿಷ್ಯ ನಾನು ಬಾಯಿ ಬಿಡ್ಲಿಲ್ಲ, ಮಗಳೂ ಕಷ್ಟಪಟ್ಟು ತಡ್ಕೊಂಡ್ಲು.

ಎರಡನೇ ಸಲ ಸುಟ್ಟಿದ್ದು ಸೆಪ್ಟೆಂಬರಲ್ಲಿ, ಮಳೆ ಸ್ವಲ್ಪ ಬಿಟ್ಟ ಮೇಲೆ. ನಿನ್ನೆ ಹೋಗಿ ತಂದ್ವಿ. ನೀವು ತರೋಕೆ ಹೋಗುವಾಗ ಹಳೇ ಬೆಡ್‌ಶೀಟ್ ತಗೊಂಡು ಹೋಗಿ, ಕಾಗದದಲ್ಲಿ ಸುತ್ತಿ ಕೊಡ್ತಾರೆ, ನಮ್ಮ ಘಾಟಿ ರಸ್ತೆಗೆ ಅದು ಸಾಕಾಗಲ್ಲ. ತಳದಲ್ಲಿ ಮೂರು ಚುಕ್ಕಿ ಗುರುತು ಚೂಪಾಗಿದ್ರೆ ಅಲ್ಲೇ ಉಜ್ಜಿಸ್ಕೊಳ್ಳಿ, ಸುಡುವಾಗ ಮುಳ್ಳಿನ ಮೇಲೆ ನಿಲ್ಸಿರ್ತಾರೆ, ಆ ತುದಿ ಕೈ ಕೊಯ್ಯುತ್ತೆ. ತೊಳೆಯೋವಾಗ ಮೆತ್ತನೆ ಸ್ಪಂಜ್, ನೀರಲ್ಲಿ ನೆನೆಹಾಕಬಾರ್ದು. ನಮಗೆ ಸಾಮಾನಿಗೆ 2800, ತಟ್ಟೆಗೆ 150, ಮೂರು ಸಲ ಹೋಗಿ ಬಂದ ಪೆಟ್ರೋಲಿಗೆ ಸುಮಾರು 800 ಆಯ್ತು. ಕೊರಿಯರ್ ಮಾಡ್ತಾರೆ, ನಾನು ಒಪ್ಪಲಿಲ್ಲ.

ಜಾಡೀನ ಹಾಗೇ ಕುಶಾಲನಗರಕ್ಕೆ ತಗೊಂಡು ಹೋದೆ. ಅಮ್ಮ ಕನ್ನಡಕ ಹಾಕ್ಕೊಂಡು ಕಿಟಕಿ ಹತ್ರ ತಿರುಗಿಸಿ ತಿರುಗಿಸಿ ನೋಡಿದ್ರು. ಖಾಲಿ ಬಿಟ್ಟ ಹೂವಿನ ಮೇಲೆ ಒಂದೊಂದಾಗಿ ಬೆರಳಿಟ್ಟು "ಇದು ಕೆಳಗಿನ ತೋಟದ್ದಲ್ವಾ, ಬಾವಿ ಪಕ್ಕದ್ದು" ಅಂದ್ರು. ಹೌದಮ್ಮ ಅಂದೆ. ಮುಚ್ಚಳ ತೆಗೆದು ಮೂಸಿ ನೋಡಿ "ಕಾಚಂಪುಳಿ ಹಾಕಲಾ?" ಅಂದ್ರು. ಬೇಡಮ್ಮ, ಹುಳಿ ತಡೆಯಲ್ಲ ಇದು, ಕಾಫಿಪುಡಿ ಹಾಕು ಅಂತ ಎಲ್ಲ ವಿವರಿಸಿ ಹೇಳ್ದೆ. ಸರಿ ಅಂತ ಒಳಗೆ ಹೋಗಿ ಡಬ್ಬೀಲಿದ್ದ ಕಾಫಿಪುಡಿ ಸುರಿದು, ಮುಚ್ಚಳದ ಕೆಳಗೆ ತೆಳು ಬಟ್ಟೆ ಇಟ್ಟು ಒತ್ತಿ ಮುಚ್ಚಿ, ಒಲೆ ಪಕ್ಕದ ಶೆಲ್ಫಲ್ಲಿ ಕಾಚಂಪುಳಿ ಬಾಟಲಿ ಹತ್ರಾನೇ ಇಟ್ರು. ಹಳೇ ಕಂದು ಭರಣಿ ಯಾರ ಮನೇಲಾದ್ರೂ ಅಟ್ಟದ ಮೇಲೆ ಸುಮ್ನೆ ಬಿದ್ದಿದ್ರೆ, ತಟ್ಟಿದ್ರೆ ಟಣ್ ಅನ್ನೋದು, ನನಗೆ ತಿಳಿಸಿ, ದುಡ್ಡು ಕೊಟ್ಟು ಬಂದು ತಗೊಂಡು ಹೋಗ್ತೀನಿ.